ಬೆರಳಿಟ್ಟು ನೋಡಿ ‘ಖಾಲಿ’ ಎನ್ನುವ ಶಶಿರೇಖಾ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ನೆಲಮಂಗಲದ ಹೊರಗೆ, ತುಮಕೂರು ಹೆದ್ದಾರಿಯ ಪಕ್ಕದ ಗೋದಾಮಿನ ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿವೆ. ರಾತ್ರಿ ಪಾಳಿಯ ಕಾವಲುಗಾರ ಆಕಳಿಸುತ್ತಾ ಹೆಗಲಿನಿಂದ ಜೋಡುನಳಿಗೆ ಕೋವಿ ಇಳಿಸುತ್ತಾನೆ. ಸ್ವೆಟರಿನ ಮೇಲೆ ಖಾಕಿ ಏಪ್ರನ್ ಕಟ್ಟಿಕೊಂಡು ಎದುರಿಗೆ ನಿಂತವರು ಶಶಿರೇಖಾ. ಅವರು ಕೋವಿಗೆ ಕೈ ಚಾಚುವುದಿಲ್ಲ. “ಬಗ್ಸಿ ಅಣ್ಣಾ,” ಎನ್ನುತ್ತಾರೆ. ಆತ ಕೋವಿಯನ್ನು ನಡುವಿಗೆ ಬಗ್ಗಿಸಿ ತೆರೆಯುತ್ತಾನೆ. ಶಶಿರೇಖಾ ಎರಡೂ ನಳಿಗೆಯ ಬುಡಕ್ಕೆ ಕಿರುಬೆರಳು ಹಾಕಿ ತಡವಿ, ಲಾರಿಗಳ ಸದ್ದು ಮೀರಿ ಕೂಗುತ್ತಾರೆ: “ಖಾಲಿ!” ಆತನೂ ಇಣುಕಿ ನೋಡಿ ಕೂಗಬೇಕು: “ಖಾಲಿ!” ಇಬ್ಬರೂ ಕೂಗಿದ ಮೇಲೆಯೇ ಕೋವಿ ಕೈ ಬದಲಾಗುತ್ತದೆ.

“ಕಣ್ಣಲ್ಲಿ ನೋಡಿದ್ರೆ ಸಾಲ್ದು ಸಾರ್. ಮಬ್ಬುಗತ್ತಲಲ್ಲಿ ಕಣ್ಣು ಮೋಸ ಮಾಡುತ್ತೆ. ಬೆರಳಿಟ್ಟು ನೋಡ್ಬೇಕು, ಆಮೇಲೆ ಕೂಗ್ಬೇಕು. ನೋಡ್ದೆ ಕೂಗೋನು ಇದಾನಲ್ಲ, ನಮ್ ಕಸುಬಲ್ಲಿ ಅವನಷ್ಟು ನಾಚಿಕೆಗೆಟ್ಟೋನು ಇನ್ನೊಬ್ನಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು. ಎರಡೂವರೆ ವರ್ಷದ ಹಿಂದೆ ಇದೇ ಪುರವಣಿಯಲ್ಲಿ, ಇದೇ ಜಾಗದಲ್ಲಿ, ‘ಕೋವಿ ಕಲಿತರೆ ಕೈತುಂಬ ಸಂಬಳ’ ಎಂದು ಬರೆದವನು ನಾನು. ಖಾಸಗಿ ತರಬೇತಿ ಕೇಂದ್ರವೊಂದು ಬಂದೂಕು ರಿಪೇರಿಯ ಆರು ತಿಂಗಳ ಕೋರ್ಸು ಶುರು ಮಾಡಿತ್ತು. ಆರಂಭದಲ್ಲೇ ಇಪ್ಪತ್ತೈದು ಸಾವಿರ ಸಂಬಳ, ಕೆಲಸಕ್ಕೆ ಬರವಿಲ್ಲ ಎಂದು ಅಲ್ಲಿಯ ಮ್ಯಾನೇಜರು ಹೇಳಿದರು. ನಾನು ಅವರು ಕೊಟ್ಟ ಗೋಡಂಬಿ ತಿನ್ನುತ್ತಾ ಬರೆದುಕೊಂಡೆ. ಒಂದೇ ಒಂದು ಕೋವಿ ಅಂಗಡಿಗೆ ಹೋಗಿ ಕೇಳಲಿಲ್ಲ, ಒಂದು ಫೋನೂ ಮಾಡಲಿಲ್ಲ. ಆ ಪುಟವನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಆ ಕೋರ್ಸಿಗೆ ಸೇರಿದವರು ಶಶಿರೇಖಾ. ಈಗ ಅವರ ಸಂಬಳ ತಿಂಗಳಿಗೆ ಹನ್ನೊಂದೂವರೆ ಸಾವಿರ.

ಮೂವತ್ತು ದಾಟಿದ ಶಶಿರೇಖಾ ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ಅಪ್ಪ ವಿದ್ಯುತ್ ಮಗ್ಗ ರಿಪೇರಿ ಮಾಡುವ ಮೇಸ್ತ್ರಿ. ಅವರ ಕಣ್ಣು ಮಂಜಾದ ಮೇಲೆ ಮಗಳೇ ಸ್ಪ್ಯಾನರ್ ಹಿಡಿದರು. ಮಗ್ಗದ ಸದ್ದಿನಲ್ಲೇ ಯಾವ ಸ್ಪ್ರಿಂಗ್ ಸೋತಿದೆ ಎಂದು ಹೇಳುವ ಕಿವಿ. ತಿಂಗಳಿಗೆ ಹದಿನಾಲ್ಕು ಸಾವಿರ ಬರುತ್ತಿತ್ತು. ಅದನ್ನು ಬಿಟ್ಟು ಕೋವಿಗೆ ಬಂದರು. ಹದಿನಾಲ್ಕು ಬಿಟ್ಟು ಹನ್ನೊಂದೂವರೆಗೆ ಬಂದದ್ದಕ್ಕೆ ನನ್ನ ಬರಹವೇ ಕಾರಣ. ಮುಖ ಎಲ್ಲಿಟ್ಟುಕೊಳ್ಳಲಿ?

ಬೆಳಿಗ್ಗೆ ನಾಲ್ಕೂಮುಕ್ಕಾಲಿನ ಬಸ್ಸು ಹತ್ತಿ ಬರುವ ಅವರು ಎರಡು ಗೋದಾಮುಗಳಲ್ಲಿ ಪಾಳಿ ಬದಲಾಗುವಾಗ ಹನ್ನೊಂದು ಕೋವಿ ಪರೀಕ್ಷಿಸುತ್ತಾರೆ. ಒಂಬತ್ತಕ್ಕೆ ಚಿನ್ನಸ್ವಾಮಿಯವರ ಅಂಗಡಿ. ಅರವತ್ತನಾಲ್ಕರ ಚಿನ್ನಸ್ವಾಮಿ ನೆಲಮಂಗಲದಲ್ಲಿ ಲೈಸೆನ್ಸ್ ಪಡೆದು ಕೋವಿ ರಿಪೇರಿ ಮಾಡುವವರು. ಗೋದಾಮುಗಳ ಕೋವಿ ನೋಡಿಕೊಳ್ಳುವ ಗುತ್ತಿಗೆ ಹಿಡಿದವರೂ, ಶಶಿರೇಖಾಗೆ ಸಂಬಳ ಕೊಡುವವರೂ ಅವರೇ.

“ಜಿಪುಣತನಕ್ಕೆ ಕಡ್ಮೆ ಕೊಡ್ತಿಲ್ಲ ಕಣಪ್ಪಾ,” ಎಂದು ಅವರೇ ಮಾತು ತೆಗೆಯುತ್ತಾರೆ. “ಹೊಸ ಕೋವಿ ಹುಟ್ಟಲ್ಲ, ಹಳೇವು ಸಾಯ್ತಾ ಅವೆ. ಅಪ್ಪ ಹೋದ್ರೆ ಮಗ ಠಾಣೆಗೆ ಒಪ್ಪಿಸಿ ಕೈತೊಳ್ಕೊತಾನೆ. ಎಲೆಕ್ಷನ್ ಬಂತು ಅಂದ್ರೆ ಇರೋ ಕೋವಿನೂ ಠಾಣೆ ಸೇರ್ತವೆ, ಎರಡು ತಿಂಗಳು ನಾನು ನೊಣ ಹೊಡೀತೀನಿ. ಯಾರೋ ಒಬ್ಬ ವಯ್ಯ ಪೇಪರ್ನಲ್ಲಿ ಇಪ್ಪತ್ತೈದು ಸಾವ್ರ ಅಂತ ಬರ್ದ್‌ಬಿಟ್ಟ. ನಾನೇ ಇಪ್ಪತ್ತೈದು ಕಂಡಿಲ್ಲ!”

ಶಶಿರೇಖಾ ನನ್ನತ್ತ ನೋಡದೆ ಅರದಿಂದ ಉಜ್ಜುತ್ತಲೇ ಇರುತ್ತಾರೆ. ಆ ವಯ್ಯ ನಾನೇ ಎಂದು ಹೇಳಲು ಬಾಯಿ ಬರುವುದಿಲ್ಲ.

ಅಂಗಡಿಗೆ ಕೆಲಸ ಬರುವುದು ಆಯುಧಪೂಜೆ ಮುಗಿದ ಮೇಲೆ. ಬೂದಿಗೆರೆ ಕಡೆಯ ರೈತರೊಬ್ಬರು ಕೋವಿ ಹಿಡಿದು ಬಂದಿದ್ದಾರೆ, ತೋಟಾದ ಬೆನ್ನಿಗೆ ಬಡಿಯಬೇಕಾದ ಕುದುರೆ ಬೀಳುತ್ತಿಲ್ಲವಂತೆ. ಬಿಚ್ಚಿದರೆ ಒಳಗೆ ಕೊಬ್ಬರಿ ಎಣ್ಣೆ, ಅರಿಶಿನ, ಕುಂಕುಮ ಕಲಸಿ ಗಟ್ಟಿಯಾಗಿ ಕೂತಿದೆ. “ಯಜಮಾನ್ರೇ, ಪೂಜೆ ಮರದ ಹಿಡಿಗೆ ಮಾಡಿ, ಕಬ್ಬಿಣಕ್ಕಲ್ಲ. ದೇವ್ರಿಗೂ ಉಸಿರುಕಟ್ಟುತ್ತೆ,” ಎಂದು ಶಶಿರೇಖಾ ಗದರುತ್ತಾರೆ. ಕಡ್ಡಿಯಿಂದ ಕುಂಕುಮ ಕೆರೆದು ತೆಗೆದು, ಸ್ಪ್ರಿಂಗನ್ನು ಕಿವಿಯ ಹತ್ತಿರ ಹಿಡಿದು ಮೀಟಿ, “ಇದು ಇನ್ನೂ ಐದು ವರ್ಷ ಬಾಳುತ್ತೆ,” ಎಂದು ಹೊಸದು ಹಾಕದೆ ಕೊಟ್ಟು ಕಳಿಸುತ್ತಾರೆ. ಚಿನ್ನಸ್ವಾಮಿ ನನ್ನ ಕಿವಿಯಲ್ಲಿ, “ನಂಗೆ ನಲವತ್ತು ವರ್ಷಕ್ಕೆ ಬಂದ ಕೈ ಇವ್ಳಿಗೆ ಎರಡೇ ವರ್ಷಕ್ಕೆ ಬಂದದೆ,” ಎನ್ನುತ್ತಾರೆ.

ಶಶಿರೇಖಾರ ಬ್ಯಾಚಿನಲ್ಲಿ ಹದಿನಾಲ್ಕು ಜನ ಇದ್ದರು. ಈ ಕಸುಬಿನಲ್ಲಿ ಉಳಿದವರು ಇಬ್ಬರು. ಆರು ಜನ ಕೋವಿ ಹಿಡಿದಿದ್ದಾರೆ ನಿಜ, ಆದರೆ ಕಾವಲುಗಾರರಾಗಿ. ಅವರಿಗೆ ಹದಿನಾರು ಸಾವಿರ. ಕೋವಿ ಹೊತ್ತು ನಿಂತವನಿಗೆ ಹದಿನಾರು, ಅದು ಅವನ ಕಾಲಿಗೇ ಸಿಡಿಯದಂತೆ ನೋಡಿಕೊಳ್ಳುವವರಿಗೆ ಹನ್ನೊಂದೂವರೆ. ಸ್ವಂತ ಅಂಗಡಿ ತೆರೆಯಲು ಬೇರೆ ಲೈಸೆನ್ಸ್ ಬೇಕು, ಶಶಿರೇಖಾರ ಅರ್ಜಿ ಒಂದು ವರ್ಷದಿಂದ ಎಲ್ಲೋ ಕೂತಿದೆ. ಬ್ಯಾಚಿನ ಉಳಿದವರಲ್ಲಿ ಕೆಲವರು ಮನೆಯಲ್ಲೇ ಖಾಲಿ ಕೂತಿದ್ದಾರೆ.

ಸಂಜೆ ಶಶಿರೇಖಾರೊಂದಿಗೆ ದೊಡ್ಡಬಳ್ಳಾಪುರಕ್ಕೆ ಹೋಗುತ್ತೇನೆ. ಅಕ್ಕಪಕ್ಕದ ಮನೆಗಳ ಮಗ್ಗದ ಸದ್ದಿಗೆ ಲೋಟವೂ ಅದುರುವ ಬೀದಿ. ತಾಯಿ ಅನುಸೂಯಮ್ಮ ಕಾಫಿ ಕೊಟ್ಟು ಹತ್ತಿರ ಬಂದು ಪಿಸುಗುಡುತ್ತಾರೆ: “ಸಂಬಳ ಎಷ್ಟು ಅಂತ ಮಾತ್ರ ಬರೀಬೇಡಪ್ಪಾ. ಇಪ್ಪತ್ತೈದು ಅಂತ ಬೀದಿಗೆಲ್ಲ ಹೇಳ್ಬಿಟ್ಟಿದೀನಿ. ನಾನೇನ್ ಕಟ್ಟಿ ಹೇಳ್ಲಿಲ್ಲ, ಪೇಪರ್ನಲ್ಲೇ ಬಂದಿತ್ತಲ್ಲ. ಪೇಪರ್ನೋರು ನೋಡ್ದೆ ಬರೀತಾರಾ?”

“ಬರೆದವನು ನಾನೇ ತಾಯಿ. ನೋಡದೆ ಬರೆದೆ,” ಎನ್ನುತ್ತೇನೆ.

ಅವರು ಲೋಟವನ್ನು ನನ್ನ ಕಡೆ ಸರಿಸುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು. “ಕಾಫಿ ಆರೋಗ್ತದೆ, ಕುಡಿ,” ಎನ್ನುತ್ತಾರೆ, ಅಷ್ಟೆ.

ಅಷ್ಟರಲ್ಲಿ ಎದುರುಮನೆಯ ಸಿಂಚನ ಬರುತ್ತಾಳೆ. ಸೀರೆ ಮಡಿಸಿ ಪ್ಯಾಕ್ ಮಾಡುವ ಕೆಲಸದ ಹುಡುಗಿ. ಕೈಯಲ್ಲಿ ಅದೇ ತರಬೇತಿ ಕೇಂದ್ರದ ಹೊಸ ಬ್ಯಾಚಿನ ಕರಪತ್ರ. ಅದರ ನಡುವೆ ನನ್ನ ಲೇಖನ, ನನ್ನ ಹೆಸರು, ನನ್ನ ಫೋಟೋ. “ಅಕ್ಕಾ, ಸೋಮವಾರ ಐವತ್ತು ಸಾವ್ರ ಕಟ್ತಿದೀನಿ. ಅಮ್ಮ ಓಲೆ ಮಾರ್ಬಿಟ್ರು. ಕೆಲಸಕ್ಕೂ ಬರಲ್ಲ ಅಂತ ಹೇಳ್ಬಿಟ್ಟೆ. ನಿಮ್ಮಂಗೆ ಸಂಬಳ ತಗೋಬೇಕು ನಾನೂ!” ಎಂದು ನಗುತ್ತಾಳೆ. ಶಶಿರೇಖಾ ಏನೋ ಹೇಳಹೊರಟು, ತಾಯಿಯ ಕಡೆ ನೋಡಿ, ಬಾಯಿ ಮುಚ್ಚುತ್ತಾರೆ. ಹುಡುಗಿ ಹೊರಟು ಹೋಗುತ್ತಾಳೆ.

“ನಿಜವಾದ ಸಂಬಳ ಹಾಕಿ, ನಿಮ್ಮ ಹೆಸರು ಬದಲಿಸಿ ಬರೆಯುತ್ತೇನೆ,” ಎನ್ನುತ್ತೇನೆ. ನನ್ನ ಧೈರ್ಯ ಅಷ್ಟೇ.

“ಹೆಸರು ಬದ್ಲಾಯಿಸಿದ್ರೆ ಅವ್ಳು ನಂಬ್ತಾಳಾ ಸಾರ್? ನಿಮ್ಮಷ್ಟೇ ತಪ್ಪು ನಂದೂ. ಎರಡು ವರ್ಷದಿಂದ ಈ ಬೀದೀಲಿ ತಲೆ ಎತ್ಕೊಂಡು ಓಡಾಡ್ತಿದೀನಿ, ಇಲ್ಲದ ಸಂಬಳದ ಮೇಲೆ.” ಶಶಿರೇಖಾ ಎದ್ದು ಹೊಸ್ತಿಲು ದಾಟುತ್ತಾರೆ. ಸಿಂಚನ ಆಗಲೇ ಅವಳ ಮನೆ ಬಾಗಿಲಲ್ಲಿದ್ದಾಳೆ. ಈ ಬೀದಿಯಲ್ಲಿ ಮೆಲ್ಲಗೆ ಹೇಳಿದರೆ ಪಕ್ಕದವರಿಗೂ ಕೇಳುವುದಿಲ್ಲ. ಮಗ್ಗಗಳ ಸದ್ದು ಮೀರಿ, ಬೆಳಿಗ್ಗೆ ಗೇಟಿನಲ್ಲಿ ಕೂಗಿದ ಅದೇ ಗಂಟಲಲ್ಲಿ ಕೂಗುತ್ತಾರೆ: “ಸಿಂಚನಾ! ದುಡ್ ಕಟ್ಬೇಡ ಕಣೇ! ನನ್ ಸಂಬಳ ಹನ್ನೊಂದೂವರೆ ಸಾವ್ರ!”

ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಳ್ಳುತ್ತವೆ. ಸಿಂಚನ ತಮಾಷೆಯೆಂದುಕೊಂಡು ನಕ್ಕು, ಅನುಸೂಯಮ್ಮನ ಕಡೆ ನೋಡುತ್ತಾಳೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೇ ನಿಂತಿದ್ದಾರೆ. ಆಮೇಲೆ ಸೆರಗು ಸರಿಸಿ ಬಾಗಿಲಿಗೆ ಬರುತ್ತಾರೆ.

“ಹನ್ನೊಂದೂವರೆ!” ಎಂದು ಅವರೂ ಕೂಗುತ್ತಾರೆ. “ನಾನೇ ಸುಳ್ ಹೇಳಿದ್ದು ಕಣಮ್ಮಾ!”

ಸಿಂಚನಳ ಕೈಯಲ್ಲಿದ್ದ ಕರಪತ್ರ ಎರಡಾಗಿ ಮಡಿಕೆಯಾಗುತ್ತದೆ. ಮಡಿಕೆ ಸರಿಯಾಗಿ ನನ್ನ ಫೋಟೋದ ಮೇಲೆಯೇ ಬೀಳುತ್ತದೆ.

ನಾನು ಚಪ್ಪಲಿ ಹುಡುಕುತ್ತಿರುವಾಗ ಶಶಿರೇಖಾ ಹತ್ತಿರ ಬರುತ್ತಾರೆ. ಕಣ್ಣು ಕೆಂಪಾಗಿದೆ, ದನಿ ಗಟ್ಟಿಯಾಗಿದೆ. “ಬರೀರಿ ಸಾರ್. ಹೆಸರು, ಸಂಬಳ ಎರಡೂ ಹಾಕಿ. ಹಂಗೇ ಇನ್ನೊಂದ್ ಮಾತು ಹಾಕಿ. ನಾನು ನೋಡಿ ಕೊಟ್ಟ ಕೋವಿ ಇವತ್ತಿನವರೆಗೆ ಒಂದೂ ತಪ್ಪಿ ಸಿಡಿದಿಲ್ಲ. ಬೇಕಿದ್ರೆ ಹೋಗಿ ವಿಚಾರಿಸ್ಕೊಂಡೇ ಬರೀರಿ.”

ವಿಚಾರಿಸಿಕೊಂಡೇ ಬರೆದಿದ್ದೇನೆ. ಒಂದೂ ಸಿಡಿದಿಲ್ಲ.