ಆಡಿಟರ್ ಅಲ್ಲ ಸಾರ್

ಪೀಣ್ಯದಲ್ಲಿ ತೆರಿಗೆ ಲೆಕ್ಕ ನೋಡುವವರೆಲ್ಲ ಆಡಿಟರೇ. ನಮ್ಮ ವರ್ಕ್‌ಶಾಪಿನ ವ್ಯಾಟ್ ರಿಟರ್ನ್ ಹಾಕಿಕೊಡುತ್ತಿದ್ದವರು ಮಾತ್ರ, ಯಾರಾದರೂ ಹಾಗೆ ಕರೆದರೆ ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟು, "ಆಡಿಟರ್ ಅಲ್ಲ ಸಾರ್, ಟ್ಯಾಕ್ಸ್ ಪ್ರಾಕ್ಟೀಷನರ್" ಎನ್ನುತ್ತಿದ್ದರು. ಆಯುಧಪೂಜೆಯ ದಿನ ಶಾಲು ಹೊದಿಸುವಾಗಲೂ ಬಿಡಲಿಲ್ಲ.

"ಎರಡೂ ಒಂದೇ ಅಲ್ವಾ?" ಎಂದು ಒಮ್ಮೆ ಕೇಳಿಬಿಟ್ಟೆ.

"ನಿಮ್ಮ ವೆಲ್ಡರ್ ಕೈಲಿ ಲೇತ್ ಕೆಲಸ ಮಾಡಿಸ್ತೀರಾ? ನಾನು ಬಿ.ಕಾಂ. ರಿಟರ್ನ್ ಹಾಕ್ತೀನಿ, ಆಫೀಸರ್ ಮುಂದೆ ನಿಂತು ವಾದಾನೂ ಮಾಡ್ತೀನಿ. ಕೇಸು ಹೈಕೋರ್ಟಿಗೆ ಹೋದ್ರೆ ವಕೀಲರು ಬೇಕು. ಇನ್‌ಕಮ್ ಟ್ಯಾಕ್ಸ್ ಆಡಿಟ್‌ಗೆ ಸಿಎ ಸಹಿನೇ ಆಗ್ಬೇಕು. ಆ ಪರೀಕ್ಷೆ ನಾನೂ ಬರೆದೆ ಸಾರ್, ಎಷ್ಟು ಸಲ ಬರೆದ್ರೂ ಅದು ನನ್ನ ಒಪ್ಪಲಿಲ್ಲ," ಎಂದು ನಕ್ಕರು.

ಒಂದು ವರ್ಷ ವ್ಯಾಪಾರ ಜಾಸ್ತಿಯಾಗಿ ನಮಗೂ ಆಡಿಟ್ ಕಡ್ಡಾಯವಾಯಿತು. ಕೊನೆಯ ದಿನ ಹತ್ತಿರ ಬಂದಿತ್ತು, ನನಗೆ ದಂಡದ ಭಯ. ಅವರು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಚಿಕ್ಕಬಾಣಾವರಕ್ಕೆ ಕರೆದೊಯ್ದರು. ಬೇಕರಿಯ ಮೇಲೊಂದು ಪುಟ್ಟ ಆಫೀಸು, ಬಾಗಿಲ ಮೇಲೆ ಹೊಸ ಸಿಎ ಬೋರ್ಡು, ಹೊರಗಿನ ಬೆಂಚಿನ ತುಂಬ ಜನ. ಅವರೂ ನನ್ನ ಪಕ್ಕ ಒತ್ತಿಕೊಂಡು ಕೂತರು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಒಬ್ಬ ಯುವತಿ ಇಣುಕಿದಳು. "ಅಪ್ಪಾ, ಇಲ್ಲ್ಯಾಕೆ ಕೂತಿದೀಯ? ಒಳಗೆ ಬಾ."

ಅವರು ಏಳಲಿಲ್ಲ. ಕಾಲರ್ ಸರಿಮಾಡಿಕೊಂಡು, ಬೆಂಚಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ಇವರೆಲ್ಲ ನನಗಿಂತ ಮುಂಚೆ ಬಂದಿದಾರೆ. ಇವರದ್ದು ಮುಗೀಲಿ, ಆಡಿಟರೇ."