ಮೇಲಿನ ಮನೆಯ ಅಕ್ಕನ ಕುಂಕುಮ

ಮೊನ್ನೆ ಒಣಮೆಣಸಿನಕಾಯಿ ಹುರಿಯುವಾಗ ಗಮನ ತಪ್ಪಿ ಮನೆಯೆಲ್ಲ ಘಾಟಾಯಿತು. ಕೆಮ್ಮುತ್ತ ಕಿಟಕಿ ತೆಗೆದವಳಿಗೆ ಮೇಲಿನ ಮನೆಯ ಅಕ್ಕ ನೆನಪಾದರು. ಅವರು ಖಾರದಪುಡಿಗೆ ಹುರಿಯುವ ದಿನ ಜರ್ಮನಿಯ ಶ್ವೀಬರ್ಡಿಂಗೆನ್ ಊರಿನ ನಮ್ಮ ಕಟ್ಟಡಕ್ಕೆ ಕಟ್ಟಡವೇ ಕೆಮ್ಮುತ್ತಿತ್ತು. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಬಂದು ಬೈಯುವುದು ಮಾತ್ರ ನನ್ನನ್ನು. ಇಂಡಿಯಾ, ಶ್ರೀಲಂಕಾ ಎಲ್ಲ ಅವನಿಗೆ ಒಂದೇ.

ಜರ್ಮನಿ ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರಿನವರನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ನನ್ನ ಗಂಡ ಹಾಗೆ ಬಂದವರು, ಅವರ ಹಿಂದೆ ನಾನು. ಅಕ್ಕ ಅದಕ್ಕೂ ಎಷ್ಟೋ ಮೊದಲು ಕೈಗೂಸು ಮಗಳನ್ನು ಎತ್ತಿಕೊಂಡು ಜಾಫ್ನಾದ ಯುದ್ಧದಿಂದ ತಪ್ಪಿಸಿಕೊಂಡು ಬಂದಿದ್ದರು. ಅಲ್ಲಿ ಒಂದು ಬೆಳಿಗ್ಗೆ ಅವರ ಗಂಡನನ್ನು ವಿಚಾರಣೆಗೆಂದು ಜೀಪಿನಲ್ಲಿ ಕರೆದೊಯ್ದವರು ವಾಪಸ್ ಕಳಿಸಲೇ ಇಲ್ಲ. ಹೆಣವೂ ಸಿಗಲಿಲ್ಲ. ಅಕ್ಕ ಮಾತ್ರ ಹಣೆತುಂಬ ಕುಂಕುಮ ಇಟ್ಟುಕೊಂಡೇ ಆಫೀಸು ಗುಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ನಾನು ಬೆಂಗಳೂರಿನ ಶ್ರೀರಾಂಪುರದವಳು, ಅಕ್ಕನ ತಮಿಳು ನನಗೂ ಬರುತ್ತದೆ. ಅದೇ ನನ್ನ ಗ್ರಹಚಾರ.

ಅವರ ದೇಶದಲ್ಲಿ ಕದನವಿರಾಮ ಆಯಿತು ನೋಡಿ, ಇಲ್ಲಿ ಊರೂರಲ್ಲಿ ಶಾಂತಿ ಸಭೆಗಳು ಶುರುವಾದವು. ಹೊರಗಿನಿಂದ ಬಂದವರ ಮಾತೆಲ್ಲ ಇಂಗ್ಲಿಷಿನಲ್ಲಿ, ಅಕ್ಕನಿಗೆ ಅದು ಬಾರದು, ಹಾಗಾಗಿ ನನ್ನನ್ನೂ ಎಳೆದುಕೊಂಡು ಹೊರಡುವರು. ಚರ್ಚಿನ ಸಭಾಂಗಣ, ಕಾಫಿ, ಕೇಕು, ಆದದ್ದನ್ನು ಮರೆತು ಮುಂದೆ ಸಾಗೋಣ ಎನ್ನುವ ಭಾಷಣ... ಕೊನೆಗೆ ಅಕ್ಕ ಕೈಯೆತ್ತುವರು. ಅಯ್ಯೋ, ಮತ್ತೆ ಶುರುವಾಯಿತಲ್ಲ ಎಂದು ನಾನು ಒಳಗೊಳಗೇ ತಲೆ ಚಚ್ಚಿಕೊಳ್ಳುವೆ. ಒಂದು ಸಲ ವೇದಿಕೆಯ ಮೇಲಿದ್ದ ಮಹಾಶಯರು, ಗಂಡನ ಮರಣ ಪ್ರಮಾಣಪತ್ರ ತೆಗೆದುಕೊಳ್ಳಿ, ಪರಿಹಾರ ಸಿಗುತ್ತದೆ, ಮನಸ್ಸಿಗೂ ಒಂದು ನೆಮ್ಮದಿ ಎಂದರು.

“ಸತ್ತಿದ್ದನ್ನ ನೋಡಿದವರು ತಾನೇ ಸತ್ತ ಅಂತ ಬರೆದುಕೊಡೋದು? ಆ ನೋಡಿದವರನ್ನ ಕರೆಸಿ. ಎಲ್ಲಿ ಹೂತ್ರಿ ಅಂತ ಕೇಳ್ಬೇಕು,” ಎಂದರು ಅಕ್ಕ.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ವಾಚು ನೋಡಿಕೊಂಡು, ಒಳ್ಳೆಯ ಪ್ರಶ್ನೆ ಎಂದರು. ಅಷ್ಟೇ. ಒಳ್ಳೆಯ ಪ್ರಶ್ನೆಯಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಅವರನ್ನು ಏನೂ ಅನ್ನಲಾಗದೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಕ್ಕನ ಮೇಲೇ ರೇಗಿದೆ.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಅಕ್ಕನನ್ನೂ ಕರೆದಿದ್ದೆ. ಹತ್ತಿರದ ಊರು ರೆನ್ನಿಂಗೆನ್ನಿನಿಂದ ಬಂದಿದ್ದ ನಮ್ಮವರೇ ಒಬ್ಬರು ಅಡುಗೆಮನೆಗೆ ನುಗ್ಗಿ, ಅವರಿಗೂ ಅರಿಶಿನ ಕುಂಕುಮ ಕೊಡ್ತೀರಾ, ಗಂಡ ಇಲ್ಲವಂತಲ್ಲ ಎಂದು ಪಿಸುಗುಟ್ಟಿದರು. ಪಿಸುಗುಟ್ಟಿದ್ದೇನು ಬಂತು, ಆಚೆ ಕೂತವರಿಗೆಲ್ಲ ಕೇಳಿಸಿತು. ತಟ್ಟೆ ಹಿಡಿದುಕೊಂಡು ಅಕ್ಕನ ಮುಂದೆ ಬಂದವಳು ಹಾಗೇ ನಿಂತುಬಿಟ್ಟೆ. ಕನ್ನಡ ಬಾರದಿದ್ದರೂ ಅಕ್ಕನಿಗೆ ಎಲ್ಲ ಗೊತ್ತಾಗಿತ್ತು.

“ಕೊಡೋದು ಬಿಡೋದು ನಿನ್ನಿಷ್ಟ, ತಂಗಚ್ಚಿ,” ಎಂದರು ಮೆಲ್ಲಗೆ. “ಆದ್ರೆ ನನ್ನ ಬಿಟ್ಟು ಮುಂದೆ ಹೋದ್ರೆ, ಅವರು ಸತ್ರು ಅಂತ ಮೊದಲು ಹೇಳಿದವಳು ನೀನೇ ಆಗ್ತೀಯ.”

ದೊಡ್ಡ ದೊಡ್ಡವರ ಕೈಲಿ ತೀರ್ಮಾನ ಆಗದ್ದನ್ನು ತಂದು ನನ್ನ ತಟ್ಟೆಗೆ ಹಾಕಿದರಲ್ಲ ಎಂದು ಸಿಟ್ಟು ಬಂತು. ಅಳುವೂ ಬಂತು. ಹಣೆಗಿಟ್ಟೆ. ರೆನ್ನಿಂಗೆನ್ನಿನವರು ಊಟ ಮಾಡದೆ ಎದ್ದು ಹೋದರು. ಹೋಗಲಿ ಬಿಡಿ.

ಆಮೇಲೆ ಯುದ್ಧ ಮತ್ತೆ ಶುರುವಾಗಿ, ಮುಗಿದೂ ಹೋಯಿತು. ಆಯೋಗಗಳು ಬಂದವು, ವರದಿ ಬರೆದವು, ಎದ್ದು ಹೋದವು. ನಾವು ಬೇರೆ ಊರಿಗೆ ಬಂದೆವು... ಹೋದ ಚಳಿಗಾಲ ಅಕ್ಕನ ಮಗಳ ಫೋನ್ ಬಂತು. ಅಮ್ಮ ತೀರಿಕೊಂಡರು ಎಂದಳು, ಜರ್ಮನ್‌ನಲ್ಲಿ. ಅಮ್ಮನ ಹಣೆಗೆ ಕುಂಕುಮ ಇಡಬೇಕೋ ಬೇಡವೋ, ನೆಂಟರು ಜಗಳ ಆಡುತ್ತಿದ್ದಾರೆ, ನೀವೇ ಹೇಳಿ ಆಂಟಿ ಎಂದಳು.

ನನ್ನನ್ನೇ ಕೇಳಬೇಕಾ? ನಾನೇನು ಸರ್ಕಾರವಾ, ಆಯೋಗವಾ? ಇಟ್ಟೇ ಕಳಿಸಮ್ಮ ಎಂದೆ. ಫೋನ್ ಇಟ್ಟ ಮೇಲೆ ತುಂಬ ಹೊತ್ತು ಅತ್ತೆ.

ಅವರ ಗಂಡನಿಗೆ ಏನಾಯಿತು ಎಂದು ಬಲ್ಲವರು ಎಲ್ಲೋ ಇದ್ದಾರೆ, ಉಂಡು ಮಲಗುತ್ತಿದ್ದಾರೆ. ಇಂದಲ್ಲ ನಾಳೆ ಬಾಯಿಬಿಟ್ಟಾರು. ಬಿಟ್ಟು ಇನ್ನು ಯಾರಿಗೆ ಹೇಳುತ್ತಾರೆ?