ಮೆಣಸಿನಕಾಯಿ ಘಾಟಿನ ಕೆಮ್ಮು

ಇವತ್ತು ಬೆಳಿಗ್ಗೆ ಎದುರು ಫ್ಲ್ಯಾಟಿನಲ್ಲಿ ಒಣಮೆಣಸಿನಕಾಯಿ ಹುರಿದರು. ಘಾಟು ಬಾಗಿಲ ಸಂದಿಯಿಂದ ಒಳಗೆ ನುಗ್ಗಿತು. ಕೆಮ್ಮಿ ಕಣ್ಣೊರೆಸಿಕೊಳ್ಳುವಾಗ ಪುಡಿ ಮಾಮಿ ನೆನಪಾದರು...

ವೆಸ್ಟ್ ಮಾಂಬಲಂನ ನಮ್ಮ ಹಳೆಯ ಮನೆಯ ಮಹಡಿಯಲ್ಲಿ ಆಕೆ ಇದ್ದರು. ಹಾಸನದ ಕಡೆಯವರು, ಗಂಡ ತೀರಿಕೊಂಡ ಮೇಲೆ ರೈಲ್ವೆಯಲ್ಲಿದ್ದ ತಮ್ಮನ ಮನೆ ಸೇರಿದ್ದರು. ಆ ತಮಿಳು ಬೀದಿಯ ಕನ್ನಡದ ಮನೆಗಳಿಗೆಲ್ಲ ಹುಳಿಪುಡಿ, ಸಾರಿನ ಪುಡಿ ಆಕೆಯದೇ. ತಮ್ಮನ ಹೆಂಡತಿಯ ಎದುರು ತಲೆಯೆತ್ತಿ ಊಟಕ್ಕೆ ಕೂರುವುದು ಆ ಪುಡಿಯ ಬಲದಿಂದ ಎಂದು ಅಮ್ಮ ಹೇಳುತ್ತಿದ್ದಳು.

ಹುರಿಯುವ ದಿನ ಇಡೀ ಕಟ್ಟಡವೇ ಕೆಮ್ಮುತ್ತಿತ್ತು. ಹುರಿಯದ ದಿನವೂ ಆಕೆ ಕೆಮ್ಮುತ್ತಿದ್ದಾರೆಂದು ನಮಗೆ ಹೊಳೆಯಲಿಲ್ಲ. "ನಿಮ್ಮ ಮೆಣಸಿನಕಾಯಿ ನಿಮ್ಮನ್ನೇ ಹಿಡ್ಕೊಂಡಿತಲ್ಲ ಮಾಮಿ" ಎಂದು ಅಮ್ಮ ಛೇಡಿಸಿದರೆ, "ಎಷ್ಟು ಜನದ ಮೂಗು ಸುಟ್ಟಿದೀನಿ, ಶಾಪ ತಟ್ಟಬೇಡ್ವೇ" ಎನ್ನುತ್ತಿದ್ದರು. ರವಿಕೆಯ ತೋಳು ಸಡಿಲವಾಗುತ್ತ ಬಂದಿತ್ತು. ಅದನ್ನು ಆಗಲೇ ಕಂಡಿದ್ದೆನೋ, ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ, ಹೇಳಲಾರೆ.

ಆಗ ನಾನು ಎಂ.ಎ. ಓದುತ್ತಿದ್ದೆ. ಆಕೆಯ ತಮಿಳು ತರಕಾರಿಯವನಿಗೆ ಸಾಕಾಗುತ್ತಿತ್ತು, ಡಾಕ್ಟರಿಗೆ ಸಾಲದು. ಒಂದು ಸಂಜೆ ನನ್ನನ್ನು ಜೊತೆಗೆ ಕರೆದರು. ಮೆಟ್ಟಿಲಿಳಿಯುವಾಗ ಎರಡು ಸಲ ನಿಂತರು. ಮೂರು ತಿಂಗಳಿಂದ ಕೆಮ್ಮು, ದಿನಾ ಸಂಜೆ ಜ್ವರ ಎಂದು ಅಲ್ಲೇ ಹೇಳಿದರು. "ಆದ್ರೆ ಅವರ ಹತ್ರ ಒಂದು ವಾರ ಅನ್ನು. ಘಾಟು ಅನ್ನು. ಬೇರೆ ಏನಾದ್ರೂ ಅಂತ ಗೊತ್ತಾದ್ರೆ ನನ್ನ ಕೈಯ ಪುಡಿ ಯಾರು ತಗೋತಾರೆ ಮರಿ?"

"ಎತ್ತನೆ ನಾಳಾ ಇರುಮಲ್?" ಎಷ್ಟು ದಿನದಿಂದ ಕೆಮ್ಮು ಎಂದು ಡಾಕ್ಟರು ಕೇಳಿದರು.

"ಒರು ವಾರಮಾ" ಎಂದೆ. ಮೆಣಸಿನಕಾಯಿಯ ಕತೆಯನ್ನೂ ಹೇಳಿದೆ. ಅವರು ನಕ್ಕು ಸಿರಪ್ ಬರೆದುಕೊಟ್ಟರು. ಎರಡು ವಾರದಲ್ಲಿ ಹೋಗದಿದ್ದರೆ ಬನ್ನಿ ಎಂದರು. ಕೆಲವು ಸಲ ನೆನಪಿನಲ್ಲಿ, ಆ ಪ್ರಶ್ನೆ ಬಂದಾಗ ಮಾಮಿ ನನ್ನ ಮೊಣಕೈ ಹಿಡಿಯುತ್ತಾರೆ, ನಿಜ ಹೇಳಿಬಿಡು ಎನ್ನುವ ಹಾಗೆ... ಹಿಡಿದಿದ್ದರೇ? ಗೊತ್ತಿಲ್ಲ. ಒಂದು ವಾರ ಎಂಬ ಮಾತು ನನ್ನ ಬಾಯಿಂದ ಬಂದದ್ದು ಮಾತ್ರ ಗೊತ್ತು.

ಆಕೆ ಮತ್ತೆ ಡಾಕ್ಟರ ಬಳಿ ಹೋಗಲಿಲ್ಲ. ಅದೇ ಚೀಟಿಗೆ ಮೆಡಿಕಲ್ ಶಾಪಿನವನು ಸಿರಪ್ ಕೊಡುತ್ತ ಹೋದ. ಕಫದ ಪರೀಕ್ಷೆ, ಎಕ್ಸ್‌ರೇ ಆದದ್ದು ಮೆಟ್ಟಿಲ ಮೇಲೆ ಕುಸಿದುಬಿದ್ದ ನಂತರ. ಕ್ಷಯ. ಮೊದಲೇ ತೋರಿಸಿದ್ದರೆ ಮಾತ್ರೆಯಲ್ಲೇ ವಾಸಿಯಾಗುತ್ತಿತ್ತು ಎಂದರು ದೊಡ್ಡಾಸ್ಪತ್ರೆಯವರು. ಆಕೆ ಒಂದು ತಿಂಗಳೂ ಉಳಿಯಲಿಲ್ಲ. ಅಷ್ಟರಲ್ಲಿ ಬೀದಿಯವರೆಲ್ಲ ಪುಡಿ ಚೆಲ್ಲಿಯಾಗಿತ್ತು. ಅಮ್ಮನೂ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ನಾನು ನೋಡುತ್ತ ನಿಂತಿದ್ದೆ.

ಇವತ್ತು ಎದುರು ಮನೆಯಾಕೆಯೂ ಜೋರಾಗಿ ಕೆಮ್ಮಿದರು. ಬಾಗಿಲು ತೆರೆದು, ಘಾಟು ಪೂರ್ತಿ ಇಳಿದ ಮೇಲೂ ಬಹಳ ಹೊತ್ತು ಕಿವಿಗೊಟ್ಟು ನಿಂತೆ. ಆಕೆ ಮತ್ತೆ ಕೆಮ್ಮಲಿಲ್ಲ.

ಮಾಮಿಯ ಬಾಗಿಲಲ್ಲಿ ನಾವು ಯಾರೂ ಅಷ್ಟು ಹೊತ್ತು ನಿಂತಿರಲಿಲ್ಲ.